ಮನೆ ಮುಂದಿನ ಮಣ್ಣುದಾರಿಗೆ ಏನು ಹಾಕಿಸೋದು? ಜಲ್ಲಿ, ಡಾಂಬರು, ಕಾಂಕ್ರೀಟ್, ಇಂಟರ್‌ಲಾಕ್: ಖರ್ಚಿನ ಹೋಲಿಕೆ

ಊರಂಚಿನ ತೋಟ, ಹೊಲಗಳು ಸೈಟ್ ಆಗಿ ಹದಿನೈದು ಇಪ್ಪತ್ತು ಮನೆ ಎದ್ದ ಮೇಲೆ ರಸ್ತೆಯ ಜಗಳ ಶುರುವಾಗುತ್ತದೆ. ಮಳೆಗಾಲದಲ್ಲಿ ಸ್ಕೂಟರ್ ಜಾರುತ್ತದೆ. ಬೇಸಿಗೆಯಲ್ಲಿ ಒಗೆದ ಬಟ್ಟೆ ಒಣಗುವ ಹೊತ್ತಿಗೆ ಕೆಂಪಾಗಿರುತ್ತದೆ. ಆಮೇಲೆ ಒಂದು ಭಾನುವಾರ ಎಲ್ಲರೂ ಸೇರುತ್ತಾರೆ. "ಒಂದೇ ಸಲಕ್ಕೆ ಸಿಮೆಂಟ್ ರಸ್ತೆ ಮಾಡಿಸಿಬಿಡೋಣ" ಎಂದು ಒಬ್ಬರು. "ಕಂದಾಯ ಕಟ್ತೀವಲ್ಲ, ಪಂಚಾಯ್ತಿಯವ್ರು ಮಾಡ್ಲಿ" ಎಂದು ಇನ್ನೊಬ್ಬರು. "ನಾಲ್ಕು ಲೋಡ್ ಜಲ್ಲಿ ಹೊಡೆಸಿದ್ರೆ ಸಾಕು ಬಿಡಿ" ಎಂದು ಮೂರನೆಯವರು.

ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಚರ್ಚೆ ತಪ್ಪು ಕಡೆಯಿಂದ ಶುರುವಾಗಿದೆ. ಮೇಲ್ಪದರ ಯಾವುದು ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ದಾರಿ ಯಾರದ್ದು, ನೀರು ಎಲ್ಲಿಗೆ ಹೋಗುತ್ತದೆ, ಯಾವ ಗಾಡಿ ಓಡಾಡುತ್ತದೆ ಎನ್ನುವುದು ಗೊತ್ತಾದರೆ ಅರ್ಧ ಜಗಳ ತಾನಾಗಿಯೇ ಮುಗಿಯುತ್ತದೆ. ಆಗ ಉಳಿಯುವುದು ದುಡ್ಡಿನ ಜಗಳ. ಅದಕ್ಕೂ ಲೆಕ್ಕ ಉಂಟು, ಕೆಳಗೆ ಹಾಕಿದ್ದೇನೆ.

ದಾರಿ ಯಾರ ಹೆಸರಲ್ಲಿದೆ?

ಇದನ್ನು ಕೇಳಿದರೆ ಬಹಳ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಹಳ್ಳಿಯ ದಾರಿಗಳಲ್ಲಿ ಕೆಲವು ಗ್ರಾಮ ನಕಾಶೆಯಲ್ಲೇ ಇರುವಂಥವು, ಹಳೆಯ ಬಂಡಿದಾರಿಗಳು. ಕೆಲವು ಲೇಔಟ್ ಮಾಡಿದವರು ಬಿಟ್ಟ ರಸ್ತೆಗಳು. ಇನ್ನು ಕೆಲವು ಯಾರೋ ಒಬ್ಬರ ಹೊಲದ ಬದು. "ಓಡಾಡ್ಕೊಳ್ಳಿ" ಎಂದು ಬಾಯಿಮಾತಲ್ಲಿ ಬಿಟ್ಟದ್ದು, ಅಷ್ಟೆ.

ನಕಾಶೆಯ ದಾರಿಯಾದರೆ ಚಿಂತೆ ಇಲ್ಲ. ಪಂಚಾಯ್ತಿ ಅದರ ಮೇಲೆ ಖರ್ಚು ಮಾಡಬಹುದು. ಲೇಔಟ್ ರಸ್ತೆಯಾದರೆ ಅದನ್ನು ಪಂಚಾಯ್ತಿಗೆ ಬರೆದುಕೊಟ್ಟಿದ್ದಾರಾ ಎಂದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ಬರೆದುಕೊಟ್ಟಿಲ್ಲದಿದ್ದರೆ ಸರ್ಕಾರದ ದುಡ್ಡು ಅಲ್ಲಿಗೆ ಬರುವುದು ಕಷ್ಟ. ಮೂರನೆಯ ಬಗೆಯದಾದರೆ ಒಂದು ಪೈಸೆ ಹಾಕುವ ಮುಂಚೆ ಜಮೀನಿನವರಿಂದ ಕಾಗದ ಮಾಡಿಸಿಕೊಳ್ಳಿ. ಮಣ್ಣುದಾರಿ ಇದ್ದಾಗ ಸುಮ್ಮನಿದ್ದವರು ಕಾಂಕ್ರೀಟ್ ಬಿದ್ದ ಮೇಲೆ ಬೇಲಿ ಹಾಕಿದ ಕತೆಗಳು ಪ್ರತಿ ತಾಲ್ಲೂಕಲ್ಲೂ ಸಿಗುತ್ತವೆ.

ದಾರಿ ಪಂಚಾಯ್ತಿಯದ್ದಾದರೆ, ದುಡ್ಡು ನಿಮ್ಮದೇ ಆದರೂ ಒಪ್ಪಿಗೆ ಬೇಕು. ಅರ್ಜಿ ಕೊಟ್ಟು ಬರಹದಲ್ಲಿ ಪಡೆಯಿರಿ.

ನೀರಿಗೆ ದಾರಿ ಮಾಡಿ, ಆಮೇಲೆ ಗಾಡಿಗೆ

ರಸ್ತೆ ಹಾಳಾಗುವುದು ಬಹುಪಾಲು ನೀರಿನಿಂದ. ಮೇಲಿನ ಪದರ ಡಾಂಬರಾಗಲಿ ಸಿಮೆಂಟಾಗಲಿ, ಕೆಳಗಿನ ಮಣ್ಣು ನೆನೆದು ಮೆತ್ತಗಾದರೆ ಅದು ಕುಸಿಯುತ್ತದೆ. ಹಾಗಾಗಿ ಜೋರು ಮಳೆ ಬರುವಾಗ ಕೊಡೆ ಹಿಡಿದು ಒಮ್ಮೆ ದಾರಿಯುದ್ದಕ್ಕೂ ನಡೆದು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿಗೆ ಅಡ್ಡ ಹರಿಯುತ್ತದೆ ಎಂದು ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ. ಇಂಜಿನಿಯರ್ ಬೇಸಿಗೆಯಲ್ಲಿ ಬಂದು ನೋಡಿದರೆ ಇದು ಕಾಣುವುದಿಲ್ಲ.

ಆಗಬೇಕಾದ ಕೆಲಸ ಮೂರು. ದಾರಿಯ ಮೇಲ್ಭಾಗದ ಕಡೆ ಚರಂಡಿ. ಅಡ್ಡ ಹರಿಯುವ ಕಡೆ ಹ್ಯೂಮ್ ಪೈಪ್ (ದೊಡ್ಡ ಸಿಮೆಂಟ್ ಪೈಪ್) ಹಾಕಿ ಮೋರಿ. ಮತ್ತೆ ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಈ ಇಳಿಜಾರು ಪದರಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಂಕ್ರೀಟಿಗೆ ಶೇ 2 ಸಾಕು. 3 ಮೀಟರ್ ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ 3 ಸೆಂಟಿಮೀಟರ್ ಎತ್ತರ ಇದ್ದರಾಯಿತು. ಜಲ್ಲಿ ದಾರಿಗೆ ಶೇ 4ರವರೆಗೆ ಬೇಕು, ಅಂದರೆ 6 ಸೆಂಟಿಮೀಟರ್. ಮೇಲ್ಮೈ ಒರಟಾಗಿದ್ದಷ್ಟೂ ನೀರು ಜಾರಲು ಇಳಿಜಾರು ಜಾಸ್ತಿ ಬೇಕು.

ಇನ್ನೊಂದು ವಿಷಯ ಮೀಟಿಂಗಲ್ಲಿ ಯಾರೂ ಎತ್ತುವುದಿಲ್ಲ. ಪದರದ ಮೇಲೆ ಪದರ ಹಾಕುತ್ತ ಹೋದರೆ ರಸ್ತೆ ಮನೆಗಿಂತ ಎತ್ತರವಾಗುತ್ತದೆ. ಮೊದಲ ಸಲ ಗೇಟಿನ ಮಟ್ಟ, ಎರಡನೇ ಸಲ ಅಂಗಳಕ್ಕಿಂತ ಮೇಲೆ, ಆಮೇಲೆ ಮಳೆ ನೀರು ನೇರ ಜಗಲಿಗೆ. ಹಳೆ ಮನೆಗಳು ತಗ್ಗಲ್ಲಿದ್ದರೆ ಮೊದಲು ಜೆಸಿಬಿಯಿಂದ ಕೆರೆದು ಮಟ್ಟ ಇಳಿಸಿ. ಖರ್ಚು ಸ್ವಲ್ಪ ಹೆಚ್ಚುತ್ತದೆ, ಆದರೆ ಪಕ್ಕದ ಮನೆಯವರ ಜೊತೆ ಮಾತುಕತೆ ಉಳಿಯುತ್ತದೆ.

ಮಣ್ಣು ಯಾವುದು ಅನ್ನುವುದೂ ಮುಖ್ಯ. ಮಲೆನಾಡು, ಕರಾವಳಿಯ ಮುರಕಲ್ಲಿನ ನೆಲ ಭಾರ ಚೆನ್ನಾಗಿ ತಡೆಯುತ್ತದೆ, ಆದರೆ ಮಳೆ ವಿಪರೀತ. ಬಯಲುಸೀಮೆಯ ಎರೆಮಣ್ಣಿನದು ಇನ್ನೊಂದು ಕತೆ. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಗದಗ, ಧಾರವಾಡ, ವಿಜಯಪುರದ ಕಡೆ ಎರೆಯ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಎರಡು ವರ್ಷದಲ್ಲಿ ಸೀಳು ಬಿಡುವುದು ಇದಕ್ಕೇ. ಅಲ್ಲಿ ದಪ್ಪಗೆ ಗರಸು (ಕಲ್ಲುಹರಳು ಬೆರೆತ ಗಟ್ಟಿ ಮಣ್ಣು) ಹಾಸಿ, ರೋಲರ್ ಹೊಡೆಸಿಯೇ ಮುಂದಿನ ಕೆಲಸ.

ಜಲ್ಲಿ, ಗ್ರಾವೆಲ್ ದಾರಿ

ಬಡವರ ರಸ್ತೆ ಎಂದು ಮೂಗು ಮುರಿಯುವವರೇ ಹೆಚ್ಚು. ನನ್ನ ಪ್ರಕಾರ ಸರಿಯಾಗಿ ಮಾಡಿದರೆ ದುಡ್ಡಿಗೆ ತಕ್ಕ ಬೆಲೆ ಕೊಡುವ ರಸ್ತೆ ಇದೇ. ಸಮಸ್ಯೆ ಏನೆಂದರೆ ಯಾರೂ ಸರಿಯಾಗಿ ಮಾಡುವುದಿಲ್ಲ. ಟಿಪ್ಪರ್‌ನಲ್ಲಿ 40 ಎಂಎಂ ಜಲ್ಲಿ ತಂದು ಕೆಸರಿಗೆ ಸುರಿಯುತ್ತಾರೆ. ಒಂದು ಮಳೆಗಾಲಕ್ಕೆ ಜಲ್ಲಿ ಮಣ್ಣಿನೊಳಗೆ ಇಳಿದುಹೋಗುತ್ತದೆ. "ಜಲ್ಲಿ ಹಾಕಿದ್ರೂ ಅಷ್ಟೇ" ಎಂಬ ತೀರ್ಪು ಬರುತ್ತದೆ.

ಬರೀ ದಪ್ಪ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಸಂದು ತುಂಬುವ ಗ್ರಾವೆಲ್ ಮಣ್ಣು ಅಥವಾ ಕ್ರಷರ್ ಡಸ್ಟ್ (ಕಲ್ಲುಪುಡಿ) ಮೂರೂ ಬೇಕು. 75 ಮಿಲಿಮೀಟರ್‌ನ ಎರಡು ಪದರ ಮಾಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಹೊಡೆಸಬೇಕು. ರೋಲರ್ ಇಲ್ಲದೆ ಟ್ರ್ಯಾಕ್ಟರ್ ಓಡಿಸಿ "ಕೂತ್ಕೊಳ್ತದೆ ಬಿಡಿ" ಎಂದರೆ ಒಪ್ಪಬೇಡಿ.

ಕೊರತೆಗಳು ಗೊತ್ತಿರುವಂಥವೇ. ಧೂಳು ಬರುತ್ತದೆ. ಇಳಿಜಾರಲ್ಲಿ ಕೊಚ್ಚಿಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಗುಂಡಿ ಮುಚ್ಚಿ ಕೆರೆದು ಸಮ ಮಾಡಲೇಬೇಕು. ಈ ವರ್ಷದ ಕೆಲಸಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ. ಮುಂದಿನ ವರ್ಷದ್ದಕ್ಕೆ ಕೇಳಲು ಹೋದರೆ ಬಾಗಿಲು ತೆಗೆಯುವುದಿಲ್ಲ. ಆ ಶಿಸ್ತು ನಿಮ್ಮ ಬೀದಿಗೆ ಇದೆಯಾ ಇಲ್ಲವಾ ಎನ್ನುವುದು ನಿಮಗೇ ಗೊತ್ತು.

ಡಾಂಬರು

ಊರಿಂದ ಊರಿಗೆ ಹೋಗುವ ರಸ್ತೆಗೆ ಡಾಂಬರು ಸರಿ. 20–30 ಮನೆಯ ಅಡ್ಡದಾರಿಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕಾರಣ ಹೇಳುತ್ತೇನೆ.

ಹಳ್ಳಿ ರಸ್ತೆಗೆ ಸಾಮಾನ್ಯವಾಗಿ ಹಾಕುವುದು 20 ಮಿಲಿಮೀಟರ್ ಡಾಂಬರು ಪದರ, ಮೇಲೆ ಒಂದು ಸೀಲ್ ಕೋಟ್ (ನೀರು ಇಳಿಯದಂತೆ ಹಾಕುವ ತೆಳು ಪದರ). 300 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಗೆ ಬೇಕಾಗುವ ಡಾಂಬರು ಸುಮಾರು 2 ಟನ್. ಇಷ್ಟು ಸಣ್ಣ ಕೆಲಸಕ್ಕೆ ಡಾಂಬರು ಮಿಶ್ರಣ ಮಾಡುವ ಪ್ಲಾಂಟ್‌ನವರು ತಿರುಗಿ ನೋಡುವುದಿಲ್ಲ. ಒಪ್ಪಿದವರು ದೊಡ್ಡ ರಸ್ತೆಯ ಕೆಲಸದಲ್ಲಿ ಉಳಿದ ಮಾಲನ್ನು ತಂದು ಹಾಕುತ್ತಾರೆ. ದೂರದಿಂದ ಬರುವಷ್ಟರಲ್ಲಿ ಮಿಶ್ರಣ ತಣ್ಣಗಾಗಿರುತ್ತದೆ. ಬಿಸಿ ಆರಿದ ಮೇಲೆ ರೋಲರ್ ಎಷ್ಟು ಓಡಿದರೂ ಅದು ಹಿಡಿಯುವುದಿಲ್ಲ.

ಅದರ ಜೊತೆಗೆ, ಡಾಂಬರಿಗೆ ನಿಂತ ನೀರು ಆಗದು. ನೀರು ಒಳಗಿಳಿದರೆ ಡಾಂಬರು ಜಲ್ಲಿಯಿಂದ ಬಿಟ್ಟುಕೊಳ್ಳುತ್ತದೆ. ಬಚ್ಚಲು ನೀರು ರಸ್ತೆಗೆ ಬಿಡುವ ಮನೆ ಒಂದಿದ್ದರೂ ಸಾಕು, ಆ ಜಾಗದಲ್ಲೇ ಮೊದಲ ಗುಂಡಿ.

ಒಳ್ಳೆಯದೂ ಇದೆ. ಹಾಕಿದ ದಿನವೇ ಓಡಾಡಬಹುದು. ಗುಂಡಿ ಬಿದ್ದರೆ ಪ್ಯಾಚ್ ಹಾಕುವುದು ಸುಲಭ. ಪಂಚಾಯ್ತಿ ಅಥವಾ ಲೋಕೋಪಯೋಗಿ ಇಲಾಖೆಯವರು ಪಕ್ಕದ ಮುಖ್ಯರಸ್ತೆಗೆ ಡಾಂಬರು ಹಾಕುತ್ತಿರುವಾಗ ಅದೇ ಗುತ್ತಿಗೆದಾರರನ್ನು ಹಿಡಿದರೆ ಪ್ಲಾಂಟ್, ರೋಲರ್, ಜನ ಎಲ್ಲ ಅಲ್ಲೇ ಇರುತ್ತಾರೆ. ಬೆಲೆಯೂ ಇಳಿಯುತ್ತದೆ, ಮಾಲೂ ಬಿಸಿಯಾಗಿರುತ್ತದೆ. ಅಂಥ ಅವಕಾಶ ಸಿಕ್ಕರೆ ಮಾತ್ರ ಡಾಂಬರಿನ ಕಡೆ ನೋಡಿ. ಒಂದೇ ಷರತ್ತು: ಕೆಳಗಿನ ಜಲ್ಲಿ ಪದರ ಮೊದಲೇ ಗಟ್ಟಿಯಾಗಿ ಸಿದ್ಧವಿರಬೇಕು. ಮಣ್ಣಿನ ಮೇಲೆ ಡಾಂಬರು ಬಳಿದರೆ ಅದು ರಸ್ತೆಯಲ್ಲ, ಬಣ್ಣ.

ಕಾಂಕ್ರೀಟ್ ರಸ್ತೆ

ಈಗ ಎಲ್ಲರ ಬಾಯಲ್ಲೂ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ. ಬೇಡಿಕೆಗೆ ಅರ್ಥವಿದೆ. ನೀರಿಗೆ ಹೆದರುವುದಿಲ್ಲ. ಸರಿಯಾಗಿ ಮಾಡಿದರೆ 20 ವರ್ಷ ಹೆಚ್ಚು ಖರ್ಚಿಲ್ಲದೆ ಬಾಳುತ್ತದೆ. ಸ್ಥಳೀಯ ಮೇಸ್ತ್ರಿಗಳೇ ಮಾಡಬಹುದು, ದೊಡ್ಡ ಪ್ಲಾಂಟ್ ಬೇಡ. ಸಣ್ಣ ದಾರಿಗೆ ಇದೇ ದೊಡ್ಡ ಅನುಕೂಲ.

"ಸರಿಯಾಗಿ" ಅನ್ನುವುದರಲ್ಲೇ ಎಲ್ಲ ಇದೆ. ದಪ್ಪ 150 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಹಳ್ಳಿ ರಸ್ತೆಗಳ ಕಾಂಕ್ರೀಟಿಗೆ ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಎಂ30 ಮಿಶ್ರಣ (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ). ಮನೆಯ ತಾರಸಿಗೆ ಹಾಕುವ ಎಂ20 ಇಲ್ಲಿ ಸಾಲದು, ಏಕೆಂದರೆ ಇಲ್ಲಿ ಟಯರಿನ ತಿಕ್ಕಾಟ ಇದೆ. 3–4 ಮೀಟರಿಗೊಂದು ಜಾಯಿಂಟ್ ಬೇಕು. ಕಾಂಕ್ರೀಟ್ ಒಣಗುವಾಗ ಕುಗ್ಗಿ ಎಲ್ಲಾದರೂ ಸೀಳಲೇಬೇಕು. ನಾವು ಗೆರೆ ಕೊಯ್ದು ಕೊಟ್ಟರೆ ಅಲ್ಲೇ ಸೀಳುತ್ತದೆ, ಕೊಡದಿದ್ದರೆ ತನಗಿಷ್ಟ ಬಂದ ಕಡೆ. ಕ್ಯೂರಿಂಗ್, ಅಂದರೆ ನೀರು ಬಿಟ್ಟು ನೆನೆಸಿಡುವುದು, ಕನಿಷ್ಠ 14 ದಿನ. ಭಾರದ ಗಾಡಿಗಳನ್ನು 28 ದಿನದವರೆಗೆ ಅದರ ಮೇಲೆ ಬಿಡಬಾರದು.

ಈ 28 ದಿನಕ್ಕೇ ಬೀದಿಯಲ್ಲಿ ಗಲಾಟೆ ಏಳುತ್ತದೆ. ಕಾರು ಎಲ್ಲಿ ನಿಲ್ಲಿಸೋದು, ಗ್ಯಾಸ್ ಸಿಲಿಂಡರ್ ಹೇಗೆ ಬರೋದು, ಅಜ್ಜಿಗೆ ಆರಾಮಿಲ್ಲದಿದ್ದರೆ ಆಟೊ ಹೇಗೆ ಬರೋದು? ಅಗಲ ಇದ್ದರೆ ಅರ್ಧರ್ಧ ಮಾಡಿ. ಇಲ್ಲದಿದ್ದರೆ ಪಕ್ಕದ ಖಾಲಿ ಸೈಟಿನಲ್ಲಿ ತಾತ್ಕಾಲಿಕ ದಾರಿ ಕೇಳಿಕೊಳ್ಳಿ. ಕೆಲಸ ಶುರುವಾಗುವ ಮುಂಚೆಯೇ ಇದು ತೀರ್ಮಾನವಾಗಿರಲಿ.

ದೊಡ್ಡ ಕೊರತೆ, ಅಗೆದರೆ ಮುಗಿಯಿತು. 2019ರಲ್ಲಿ ಜಲಜೀವನ್ ಮಿಷನ್ ಶುರುವಾಗಿ, ನಮ್ಮಲ್ಲಿ "ಮನೆ ಮನೆಗೆ ಗಂಗೆ" ಎಂಬ ಹೆಸರಲ್ಲಿ ನಲ್ಲಿ ಪೈಪು ಹಾಕುವಾಗ ಎಷ್ಟೋ ಊರುಗಳಲ್ಲಿ ಹೊಸ ಸಿಸಿ ರಸ್ತೆಗಳನ್ನೇ ಕೊಯ್ದರು. ಅಗೆದ ಕಡೆ ಮಣ್ಣು ಮುಚ್ಚಿ ಮೇಲೆ ಒಂದು ತೆಳು ಸಿಮೆಂಟ್ ಬಳಿದರೆ ಅದು ಮತ್ತೆ ಹಳೆಯ ರಸ್ತೆಯಾಗುವುದಿಲ್ಲ. ಹಾಗಾಗಿ ಕಾಂಕ್ರೀಟಿಗೆ ಮೊದಲು ನೀರಿನ ಪೈಪು, ಒಳಚರಂಡಿ, ಕೇಬಲ್ ಏನೇನು ಬಾಕಿ ಇದೆ ನೋಡಿ. ಖಾಲಿ ಸೈಟುಗಳ ಎದುರು ಒಂದೊಂದು ದೊಡ್ಡ ಪಿವಿಸಿ ಪೈಪನ್ನು ಅಡ್ಡಲಾಗಿ ಹೂತಿಡಿ, ಎರಡೂ ಬಾಯಿ ಮುಚ್ಚಿ. ನಾಳೆ ಮನೆ ಕಟ್ಟುವವರು ಅದರೊಳಗೆ ತಮ್ಮ ಪೈಪು ತೂರಿಸಿಕೊಳ್ಳುತ್ತಾರೆ. ಒಟ್ಟು ಖರ್ಚಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಆದರೂ ಮಾಡುವವರು ಕಡಿಮೆ.

ಎಷ್ಟು ಮಾಲು ಬೇಕು? ಅದೇ 300 ಮೀಟರ್ ದಾರಿಗೆ 135 ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ 7 ಮೂಟೆ ಸಿಮೆಂಟ್ ಹಿಡಿದರೂ 945 ಮೂಟೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಎಸ್ಟಿಮೇಟ್ ಯಾರಾದರೂ ತೋರಿಸಿದರೆ ಹೊಸದು ಮಾಡಿಸಿ.

ಇಂಟರ್‌ಲಾಕ್ ಮತ್ತು ಎರಡು ಪಟ್ಟಿ

ಇಂಟರ್‌ಲಾಕ್ ಬ್ಲಾಕ್‌ಗಳ ಒಂದೇ ದೊಡ್ಡ ಗುಣ, ಬಿಚ್ಚಿ ಮತ್ತೆ ಜೋಡಿಸಬಹುದು. ಪೈಪಿನ ಕೆಲಸ ಬಾಕಿ ಇರುವ ಬೀದಿಗೆ ಇದು ಒಳ್ಳೆಯದು. ಕ್ಯೂರಿಂಗ್ ಕಾಟವಿಲ್ಲ. ಅಂಗಳಕ್ಕೆ ಹಾಕುವ 60 ಎಂಎಂ ಬ್ಲಾಕ್ ರಸ್ತೆಗೆ ಬೇಡ, 80 ಎಂಎಂ ತೆಗೆದುಕೊಳ್ಳಿ. ಎರಡೂ ಅಂಚಿಗೆ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ಬ್ಲಾಕ್‌ಗಳು ಪಕ್ಕಕ್ಕೆ ಸರಿದು ಸಂದು ಬಿಡುತ್ತವೆ. ಕಡಿದಾದ ಏರಿನಲ್ಲಿ, ಟಿಪ್ಪರ್ ಓಡಾಡುವಲ್ಲಿ ನಾನು ಹಾಕಿಸಲಾರೆ. ಮಲೆನಾಡಿನ ಮಳೆಯಲ್ಲಿ ಪಾಚಿ ಕಟ್ಟಿ ಜಾರುವುದೂ ಉಂಟು.

ಎರಡು ಪಟ್ಟಿ ಅಂದರೆ ಗಾಡಿಯ ಚಕ್ರ ಓಡುವ ಜಾಗಕ್ಕೆ ಮಾತ್ರ ಎರಡು ಸಾಲು ಕಾಂಕ್ರೀಟ್, ನಡುವೆ ಹುಲ್ಲು ಅಥವಾ ಜಲ್ಲಿ. ಕಾಫಿ ತೋಟದ ಮನೆಗಳಿಗೆ ಹೋಗುವ ದಾರಿಗಳಲ್ಲಿ ಇದನ್ನು ನೋಡಿರುತ್ತೀರಿ. ಕಾಂಕ್ರೀಟಿನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ಮೂರು ಮನೆಯ ಖಾಸಗಿ ದಾರಿಗೆ ಹೇಳಿ ಮಾಡಿಸಿದ್ದು. ಬೈಕ್‌ಗಳು ಎದುರುಬದುರು ಓಡಾಡುವ ಬೀದಿಗೆ ಬೇಡ. ಪಟ್ಟಿಯ ಅಂಚಿಂದ ಚಕ್ರ ಜಾರಿದರೆ ಬೀಳುವುದೇ.

ಲೆಕ್ಕ: ಈ ವರ್ಷಕ್ಕೆ ಎಷ್ಟು, 20 ವರ್ಷಕ್ಕೆ ಎಷ್ಟು?

ದರಗಳು ತಾಲ್ಲೂಕಿಂದ ತಾಲ್ಲೂಕಿಗೆ ಬದಲಾಗುತ್ತವೆ. ಕ್ರಷರ್ ಹತ್ತಿರ ಇದ್ದರೆ ಒಂದು, ದೂರ ಇದ್ದರೆ ಇನ್ನೊಂದು. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ.

ದಾರಿ 300 ಮೀಟರ್ ಉದ್ದ, 3 ಮೀಟರ್ ಅಗಲ, ಅಂದರೆ 900 ಚದರ ಮೀಟರ್. ಮನೆ 20. ಮಧ್ಯೆ 60 ಮೀಟರ್ ಏರು. ಜಲ್ಲಿ ದಾರಿ ಚದರ ಮೀಟರಿಗೆ ಸುಮಾರು 255 ರೂಪಾಯಿ, ಕೆಳಪದರ ಸೇರಿ ಡಾಂಬರು 555, ಕಾಂಕ್ರೀಟ್ 1,155 ಎಂದು ಹಿಡಿದಿದ್ದೇನೆ. ಜಲ್ಲಿಗೆ ಎರಡನೇ ವರ್ಷದಿಂದ ವರ್ಷಕ್ಕೆ 40,000 ದುರಸ್ತಿ. ಕಾಂಕ್ರೀಟಿಗೆ ಹತ್ತು ವರ್ಷಕ್ಕೆ ಸುಮಾರು 30,000. ಡಾಂಬರಿಗೆ 5 ವರ್ಷಕ್ಕೊಮ್ಮೆ 2.2 ಲಕ್ಷದ ಹೊಸ ಪದರ, ನಡುವಿನ ವರ್ಷಗಳಲ್ಲಿ 15,000 ಪ್ಯಾಚ್.

| ಬಗೆ | ಮೊದಲ ಖರ್ಚು | ಮನೆಗೆ | 10 ವರ್ಷಕ್ಕೆ | 20 ವರ್ಷಕ್ಕೆ |
|---|---|---|---|---|
| ಪೂರ್ತಿ ಜಲ್ಲಿ | 2.3 ಲಕ್ಷ | 11,500 | 5.9 ಲಕ್ಷ | 9.9 ಲಕ್ಷ |
| ಪೂರ್ತಿ ಡಾಂಬರು | 5 ಲಕ್ಷ | 25,000 | 8.4 ಲಕ್ಷ | 14 ಲಕ್ಷ |
| ಪೂರ್ತಿ ಕಾಂಕ್ರೀಟ್ | 10.4 ಲಕ್ಷ | 52,000 | 10.7 ಲಕ್ಷ | 11 ಲಕ್ಷ |
| ಏರಿಗೆ ಕಾಂಕ್ರೀಟ್, ಉಳಿದದ್ದು ಜಲ್ಲಿ | 3.9 ಲಕ್ಷ | 19,500 | 5.7 ಲಕ್ಷ | 7.7 ಲಕ್ಷ |

ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ಜಲ್ಲಿ ದಾರಿಯ ದುರಸ್ತಿ ಖರ್ಚು ಜಾಸ್ತಿ ಹೋಗುವುದು ಏರಿಗೆ, ತಿರುವಿಗೆ. ಅಲ್ಲೇ ಜಲ್ಲಿ ಕೊಚ್ಚಿಹೋಗುವುದು, ಅಲ್ಲೇ ಗಾಡಿ ಸಿಕ್ಕಿಹಾಕಿಕೊಳ್ಳುವುದು. ಆ 60 ಮೀಟರಿಗೆ ಮಾತ್ರ ಕಾಂಕ್ರೀಟ್ ಹಾಕಿದರೆ ವರ್ಷದ ದುರಸ್ತಿ ಅರ್ಧಕ್ಕೆ, ಅಂದರೆ 20,000ಕ್ಕೆ ಇಳಿಯುತ್ತದೆ ಎಂದು ಹಿಡಿದಿದ್ದೇನೆ. ಹತ್ತು ವರ್ಷದ ಲೆಕ್ಕದಲ್ಲಿ ಇದು ಪೂರ್ತಿ ಜಲ್ಲಿಗಿಂತಲೂ ಅಗ್ಗ. ಮುಂದೆ ದುಡ್ಡು ಬಂದಾಗ ಉಳಿದ ಭಾಗಕ್ಕೂ ಕಾಂಕ್ರೀಟ್ ಹಾಕಬಹುದು. ಆಗ ಈ ಜಲ್ಲಿಯೇ ಕೆಳಪದರ. ಹಾಕಿದ್ದು ಯಾವುದೂ ದಂಡವಾಗುವುದಿಲ್ಲ.

ಇಂಟರ್‌ಲಾಕ್‌ನ ಲೆಕ್ಕ ಈ ಪಟ್ಟಿಯಲ್ಲಿ ಹಾಕಿಲ್ಲ. ಚರಂಡಿ, ಮೋರಿಯನ್ನೂ ಸೇರಿಸಿಲ್ಲ. ಯಾವ ಬಗೆ ಆರಿಸಿದರೂ ಚರಂಡಿ, ಮೋರಿಯ ಖರ್ಚು ಇದ್ದೇ ಇದೆ.

ಹಾಗಾದರೆ ಯಾರಿಗೆ ಯಾವುದು? ಸಮತಟ್ಟು ದಾರಿ, ಮಳೆ ಕಡಿಮೆ, ಗಾಡಿ ಕಡಿಮೆ ಅಂದರೆ ಜಲ್ಲಿ. ಚಳ್ಳಕೆರೆಯಂಥ ಮಳೆ ಕಡಿಮೆ ಇರುವ ಕಡೆ ಒಳ್ಳೆ ಜಲ್ಲಿ ದಾರಿ ವರ್ಷಗಟ್ಟಲೆ ಇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಕಡೆ ಏರಿನಲ್ಲಿ ಕಾಂಕ್ರೀಟ್ ಬಿಟ್ಟು ಬೇರೆ ಮಾತೇ ಇಲ್ಲ. ಮನೆಗಳು ಒತ್ತೊತ್ತಾಗಿವೆ, ಬಚ್ಚಲು ನೀರು ರಸ್ತೆಗೇ ಬರುತ್ತದೆ, ಪೈಪಿನ ಕೆಲಸ ಎಲ್ಲ ಮುಗಿದಿದೆ ಅಂದರೆ ಪೂರ್ತಿ ಕಾಂಕ್ರೀಟ್. ಪೈಪು ಬಾಕಿ ಇದೆ ಅಂದರೆ ಈಗ ಜಲ್ಲಿ ಹಾಕಿ ಕಾಯಿರಿ, ದುಡ್ಡಿದ್ದರೆ ಇಂಟರ್‌ಲಾಕ್. ಸುಗ್ಗಿಯಲ್ಲಿ ರಾಗಿ, ಹುರುಳಿ ಹರಡಿ ಗಾಡಿ ಹತ್ತಿಸಿ ಒಕ್ಕಣೆ ಮಾಡಬೇಕು ಎಂಬ ಆಸೆಯಿಂದ ಸಿಮೆಂಟ್ ಕೇಳುವವರೂ ಇದ್ದಾರೆ. ಅದಕ್ಕೆ ರಸ್ತೆ ಬೇಡ, ಒಂದು ಒಕ್ಕಣೆ ಕಣ ಕೇಳಿ.

ಪಾಲು ಹಾಕುವುದು ಹೇಗೆ?

ಎಲ್ಲಕ್ಕಿಂತ ಕಷ್ಟದ ಭಾಗ ಇದು. "ಎಲ್ಲರೂ ಸಮ" ಎಂದರೆ ಸುಲಭವಾಗಿ ಕಾಣುತ್ತದೆ. ಮುಖ್ಯರಸ್ತೆಗೆ ಅಂಟಿಕೊಂಡ ಮನೆಯವರು ಕೂಡಲೇ ಕೇಳುತ್ತಾರೆ, "ನಾನು ಓಡಾಡೋದು ಇಪ್ಪತ್ತು ಹೆಜ್ಜೆ, ಕೊನೆ ಮನೆಯವರಷ್ಟೇ ನಾನ್ಯಾಕೆ ಕೊಡ್ಲಿ?" ಪ್ರಶ್ನೆ ನ್ಯಾಯವಾದದ್ದೇ.

ದೂರದ ಲೆಕ್ಕ ಹೀಗೆ ಹಾಕಬಹುದು. ದಾರಿಯನ್ನು 100 ಮೀಟರಿನ ಮೂರು ತುಂಡು ಮಾಡಿ. ಮೊದಲ ತುಂಡಿನಲ್ಲಿ 6 ಮನೆ, ಎರಡರಲ್ಲಿ 7, ಮೂರರಲ್ಲಿ 7 ಇವೆ ಎನ್ನೋಣ. ಪೂರ್ತಿ ಕಾಂಕ್ರೀಟಿನ 10.4 ಲಕ್ಷದಲ್ಲಿ ಒಂದೊಂದು ತುಂಡಿಗೆ ಸುಮಾರು 3.47 ಲಕ್ಷ. ಮೊದಲ ತುಂಡನ್ನು 20 ಮನೆಯವರೂ ಬಳಸುತ್ತಾರೆ, ತಲಾ 17,300. ಎರಡನೆಯದನ್ನು ಬಳಸುವುದು 14 ಮನೆ, ತಲಾ 24,800. ಮೂರನೆಯದು 7 ಮನೆಗೆ ಮಾತ್ರ, ತಲಾ 49,500. ಹಾಗೆ ಕೂಡಿದರೆ ಮುಂದಿನವರಿಗೆ 17,300, ನಡುವಿನವರಿಗೆ 42,100, ಕೊನೆಯವರಿಗೆ 91,600.

ಈ ಅಂಕಿ ಕೇಳಿದರೆ ಕೊನೆಯವರು ಎದ್ದು ಹೋಗುತ್ತಾರೆ. ಅವರ ಮಾತಲ್ಲೂ ನ್ಯಾಯವಿದೆ. ರಸ್ತೆಯಾದರೆ ಧೂಳು ನಿಲ್ಲುವುದು ಮುಂದಿನ ಮನೆಗೂ ಹೌದು, ಸೈಟಿನ ಬೆಲೆ ಏರುವುದು ಎಲ್ಲರಿಗೂ ಹೌದು. ಹಾಗಾಗಿ ಅರ್ಧ ದುಡ್ಡು ಸಮಪಾಲು, ಅರ್ಧ ದೂರದ ಲೆಕ್ಕ. ಆಗ ಮುಂದಿನವರಿಗೆ 34,650, ನಡುವಿನವರಿಗೆ 47,050, ಕೊನೆಯವರಿಗೆ 71,800. ಯಾರಿಗೂ ಪೂರ್ತಿ ಖುಷಿಯಿಲ್ಲ, ಆದರೆ ಇದರ ಮೇಲೆ ಮಾತು ಮುಂದುವರಿಯುತ್ತದೆ. ಸೈಟಿನ ಮುಂಭಾಗದ ಅಡಿ ಲೆಕ್ಕದಲ್ಲಿ ಹಂಚುವವರೂ ಇದ್ದಾರೆ. ಸೈಟುಗಳೆಲ್ಲ ಒಂದೇ ಅಳತೆಯ ಲೇಔಟಿಗೆ ಅದು ಸರಿ, ತೋಟದ ಮನೆಗಳಿಗೆ ಆಗುವುದಿಲ್ಲ. ಮನೆ ಸಣ್ಣದಿದ್ದು ರಸ್ತೆಗೆ ತೋಟದ ಬೇಲಿ ನೂರು ಅಡಿ ಇರುವವರ ಮೇಲೆ ಹೊರೆ ಬೀಳುತ್ತದೆ.

ಖಾಲಿ ಸೈಟಿನವರನ್ನು ಬಿಡಬೇಡಿ. ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ, "ನಾವು ಅಲ್ಲಿಲ್ಲವಲ್ಲ" ಎನ್ನುತ್ತಾರೆ. ರಸ್ತೆಯಾದ ಮೇಲೆ ಸೈಟ್ ಮಾರುವಾಗ ಲಾಭ ಅವರಿಗೇ ಜಾಸ್ತಿ.

ಭಾರದ ಗಾಡಿಯ ಲೆಕ್ಕ ಬೇರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಒಂದು ಅಂದಾಜು ಸೂತ್ರ ಬಂತು. ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡಲ್ಲ, ಹದಿನಾರು ಪಟ್ಟು. ಈ ಲೆಕ್ಕದಲ್ಲಿ 10 ಟನ್ ಹೊತ್ತ ಟಿಪ್ಪರಿನ ಆಕ್ಸಲ್ ಒಮ್ಮೆ ಹೋದರೆ, 1 ಟನ್ನಿನ ಆಕ್ಸಲ್ 10,000 ಸಲ ಹೋದಷ್ಟು ಪೆಟ್ಟು. ಬೀದಿಯವರು "ನಿಮ್ಮ ಮನೇಲಿ ಎರಡು ಕಾರು" ಎಂದು ಜಗಳವಾಡುವುದರಲ್ಲಿ ಹೆಚ್ಚು ಅರ್ಥವಿಲ್ಲ. ರಸ್ತೆ ಮುರಿಯುವುದು ಮರಳು, ಜಲ್ಲಿ, ಇಟ್ಟಿಗೆಯ ಲೋಡು. ಹಾಗಾಗಿ ಮುಂದೆ ಮನೆ ಕಟ್ಟುವವರು ಇಷ್ಟು ಠೇವಣಿ ಇಡಬೇಕು, ರಸ್ತೆ ಹಾಳಾದರೆ ಅದರಲ್ಲಿ ರಿಪೇರಿ, ಇಲ್ಲದಿದ್ದರೆ ವಾಪಸ್ ಎಂದು ಈಗಲೇ ಎಲ್ಲರೂ ಸಹಿ ಹಾಕಿ. ಸಾಧ್ಯವಾದರೆ ಅವರ ಮನೆ ಕೆಲಸ ಮುಗಿದ ಮೇಲೇ ಕಾಂಕ್ರೀಟ್ ಹಾಕಿ.

ಕೊಡಲಾಗದ ಮನೆ ಒಂದೆರಡು ಇದ್ದೇ ಇರುತ್ತದೆ. ವಿಧವಾ ವೇತನದಲ್ಲಿ ಬದುಕುವವರಿಂದ 50,000 ಕೇಳುವುದು ಹೇಗೆ? ಅವರ ಪಾಲನ್ನು ಉಳಿದವರು ಹಂಚಿಕೊಂಡರೆ ಒಂದೊಂದು ಮನೆಗೆ ಎರಡು ಮೂರು ಸಾವಿರ ಬೀಳುತ್ತದೆ. ಸುಮ್ನೆ ಹಂಚಿಕೊಳ್ಳಿ. ಯಾರು ಎಷ್ಟು ಕೊಟ್ಟರು ಎಂಬ ಬೋರ್ಡು ಮಾತ್ರ ದಯವಿಟ್ಟು ಹಾಕಬೇಡಿ.

ಪಂಚಾಯ್ತಿಗೆ ಕಾಯಬೇಕಾ?

ದುಡ್ಡು ಎಲ್ಲಿಂದ ಬರಬಹುದು ಎಂದು ತಿಳಿದರೆ ಕಾಯಬೇಕಾ ಬೇಡವಾ ಎನ್ನುವುದು ಗೊತ್ತಾಗುತ್ತದೆ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಊರಿಗೆ ಊರು ಜೋಡಿಸುವುದಕ್ಕೆ. ನಿಮ್ಮ ಅಡ್ಡದಾರಿಗೆ ಅದು ಬರುವುದಿಲ್ಲ. 15ನೇ ಹಣಕಾಸು ಆಯೋಗದ ಹಣದಲ್ಲಿ (2021–26) ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಇಡೀ ಪಂಚಾಯ್ತಿಯ ಬೀದಿದೀಪ, ರಸ್ತೆ ಎಲ್ಲ ಬರಬೇಕಿತ್ತು. ನರೇಗಾದಲ್ಲಿ ಸಾಮಗ್ರಿ ಖರ್ಚು ಶೇ 40 ಮೀರಬಾರದೆಂಬ ನಿಯಮವಿತ್ತು. ಕಾಂಕ್ರೀಟಿನಲ್ಲಿ ಸಾಮಗ್ರಿಯೇ ಜಾಸ್ತಿ, ಹಾಗಾಗಿ ಕೂಲಿ ಹೆಚ್ಚಿರುವ ಬೇರೆ ಕೆಲಸಗಳ ಜೊತೆ ಸರಿದೂಗಿಸಬೇಕಾಗುತ್ತಿತ್ತು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಪರಿಶಿಷ್ಟರ ಕಾಲೊನಿಗಳಾದರೆ 2013ರ ಉಪಯೋಜನೆ ಕಾಯ್ದೆಯಡಿ ಪ್ರತ್ಯೇಕ ಹಣವಿದೆ, ಅಂಥ ಕಡೆ ಮನೆಯವರು ಕೈಯಿಂದ ಹಾಕುವ ಮುಂಚೆ ಅದನ್ನು ಕೇಳಲೇಬೇಕು.

ನನ್ನ ಸಲಹೆ: ಎರಡನ್ನೂ ಒಟ್ಟಿಗೆ ನಡೆಸಿ. ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಎಲ್ಲ ಮನೆಯವರೂ ಹೋಗಿ ಕ್ರಿಯಾಯೋಜನೆಗೆ ಸೇರಿಸಲು ಬರೆಸಿ. ನಡಾವಳಿಯಲ್ಲಿ ದಾಖಲಾಯಿತಾ ಎಂದು ನೋಡಿ. ಅಲ್ಲಿಯವರೆಗೆ ಸ್ವಂತ ದುಡ್ಡಲ್ಲಿ ಚರಂಡಿ, ಜಲ್ಲಿ ಮಾಡಿಕೊಳ್ಳಿ. ಪಂಚಾಯ್ತಿ ಹತ್ತಿರ ಹೋಗಿ "ರಸ್ತೆ ಕೊಡಿ" ಅನ್ನುವುದಕ್ಕಿಂತ "ಜಲ್ಲಿ ನಾವು ಹಾಕಿಸಿದ್ದೇವೆ, ಆ 60 ಮೀಟರ್ ಏರಿಗೆ ಕಾಂಕ್ರೀಟ್ ಮತ್ತು ಒಂದು ಮೋರಿ ಮಾಡಿಕೊಡಿ" ಎಂದರೆ ಅದು ಅವರ ಕೈಗೆಟುಕುವ ಮೊತ್ತ.

ಕೆಲಸ ಕೊಡುವಾಗ

ದುಡ್ಡು ಪೂರ್ತಿ ಸೇರಿದ ಮೇಲೇ ಕೆಲಸ ಶುರು ಮಾಡಿ. ಇಬ್ಬರ ಸಹಿಯ ಬ್ಯಾಂಕ್ ಖಾತೆ ಇರಲಿ. ಕನಿಷ್ಠ ಮೂರು ಕೊಟೇಶನ್ ತರಿಸಿ. "ಒಟ್ಟು ಇಷ್ಟು" ಎಂದು ಹೇಳಿದರೆ ಒಪ್ಪಬೇಡಿ. ಅಗೆತ, ಕೆಳಪದರ, ಮೇಲ್ಪದರ, ಮೋರಿ ಬೇರೆ ಬೇರೆ, ದಪ್ಪ ಎಷ್ಟು, ಮಿಶ್ರಣ ಯಾವುದು ಎಂದು ಬರೆದಿರಬೇಕು.

ಕಾಂಕ್ರೀಟ್ ಸುರಿಯುವ ಮೊದಲು ಪಕ್ಕದ ಶಟರಿಂಗ್ ಹಲಗೆಯ ಎತ್ತರ ಟೇಪಿನಲ್ಲಿ ಅಳೆಯಿರಿ. ಅಂಚಿನಲ್ಲಿ 6 ಇಂಚು ತೋರಿಸಿ ನಡುವೆ ನೆಲ ಉಬ್ಬಿಸಿ 4 ಇಂಚಿಗೆ ಇಳಿಸುವುದು ಹಳೇ ಕೈಚಳಕ. ಎರಡೂ ಹಲಗೆಗೆ ದಾರ ಬಿಗಿದು ನಡುವಿನ ಆಳ ನೋಡಿದರೆ ಸಿಕ್ಕಿಬೀಳುತ್ತದೆ. ಬರೀ ಅಂಚು ನೋಡಿ ಬಿಲ್ ಪಾಸ್ ಮಾಡಬೇಡಿ. ಜಲ್ಲಿಯ ಟಿಪ್ಪರನ್ನು ಖಾಲಿ ಮಾಡುವ ಮುಂಚೆಯೇ ತೊಟ್ಟಿಯ ಉದ್ದ, ಅಗಲ, ಎತ್ತರ ಅಳೆದು ಅಡಿ ಲೆಕ್ಕ ಬರೆದುಕೊಳ್ಳಿ. 300 ಮೀಟರ್ ದಾರಿಗೆ 150 ಮಿಲಿಮೀಟರ್ ದಪ್ಪ ಕೂರಲು ಸಡಿಲ ಮಾಲು ಸುಮಾರು 6,200 ಘನ ಅಡಿ, ಅಂದರೆ 62 ಯೂನಿಟ್ ಬೇಕು. 40 ಯೂನಿಟ್ ಬಂದಿದ್ದರೆ ದಪ್ಪ ಎಲ್ಲಿ ಹೋಯಿತು ಎಂದು ಕೇಳಬಹುದು.

ಕೆಲಸಕ್ಕೆ ನವೆಂಬರಿಂದ ಫೆಬ್ರುವರಿ ಒಳ್ಳೆ ಕಾಲ. ಮಳೆ ನಿಂತಿರುತ್ತದೆ, ಬಾವಿ, ಬೋರ್‌ವೆಲ್‌ನಲ್ಲಿ ಕ್ಯೂರಿಂಗಿಗೆ ನೀರಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಮಾಡಿಸಿದರೆ ನೀರಿಗೂ ಪರದಾಟ, ಕಾಂಕ್ರೀಟೂ ಬೇಗ ಒಣಗಿ ಬಿರಿಯುತ್ತದೆ. ಕ್ಯೂರಿಂಗ್ ಜವಾಬ್ದಾರಿಯನ್ನು ಗುತ್ತಿಗೆದಾರರಿಗೆ ಬಿಡದೆ ಮನೆಗಳಿಗೇ ಹಂಚಿ, ಅವರವರ ಗೇಟಿನ ಮುಂದಿನದಕ್ಕೆ ಅವರೇ ಬೆಳಗ್ಗೆ ಸಂಜೆ ನೀರು ಬಿಡಲಿ. ಒಪ್ಪಂದದಲ್ಲಿ ಬಿಲ್ಲಿನ ಶೇ 10 ಹಿಡಿದಿಡುವ ಷರತ್ತು ಬರೆಸಿ. ಆ ದುಡ್ಡನ್ನು ಒಂದು ಮಳೆಗಾಲ ಕಳೆದ ಮೇಲೆ, ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಿ, ಅದನ್ನು ಸರಿಮಾಡಿಸಿಕೊಂಡು ಕೊಡಿ.